ಗಾಜಿನ ಹಿಂದಿನ ಸಾಕ್ಷಿ: ಡ್ಯಾಶ್‌ಕ್ಯಾಮ್ ಕೊಳ್ಳುವ ಮುನ್ನ

ರಜೆ ಬಂತೆಂದರೆ ಮುಂಬಯಿ, ಪುಣೆಗಳಿಂದ ಸ್ವಂತ ಕಾರಿನಲ್ಲಿ ಊರ ಹಾದಿ ಹಿಡಿಯುವ ಕುಟುಂಬಗಳು ನಮ್ಮಲ್ಲಿ ಅನೇಕ. ಹೀಗೆ ಹೊರಟ ನಮ್ಮ ಬಳಗದ ಹಿರಿಯರೊಬ್ಬರ ಕಾರಿಗೆ ಘಟ್ಟದ ತಿರುವಿನಲ್ಲಿ, ಎಡಬದಿಯಿಂದ ನುಗ್ಗಿ ಮುಂದೆ ಬಂದ ಬೈಕೊಂದು ತಾಗಿತು. ಸವಾರನಿಗೆ ಪೆಟ್ಟಾಯಿತು, ಜನ ಸೇರಿದರು. ದೊಡ್ಡ ವಾಹನದವರದೇ ತಪ್ಪೆಂಬ ತೀರ್ಮಾನವೂ ಎಂದಿನಂತೆ ಆಯಿತು. ಹಿರಿಯರು ಧೈರ್ಯಗೆಡಲಿಲ್ಲ. ಗಾಜಿಗೆ ಅಂಟಿಸಿದ ಡ್ಯಾಶ್‌ಕ್ಯಾಮ್ ಎಲ್ಲವನ್ನೂ ಕಂಡಿದೆಯೆಂಬ ಭರವಸೆ ಅವರಿಗಿತ್ತು. ಠಾಣೆಯಲ್ಲಿ ಕಾರ್ಡು ತೆಗೆದು ನೋಡಿದರೆ ಕೊನೆಯ ದೃಶ್ಯ ಐದು ತಿಂಗಳ ಹಿಂದಿನದು! ಕ್ಯಾಮೆರಾದ ದೀಪ ಮಾತ್ರ ಅಷ್ಟು ದಿನವೂ ಉರಿಯುತ್ತಲೇ ಇತ್ತು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಇಂತಹ ರಸ್ತೆಗಳಲ್ಲಿ ಸಾಕ್ಷಿಯೊಂದನ್ನು ಜೊತೆಗೊಯ್ಯುವ ಬಯಕೆ ಸಹಜವೇ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ ಉಲ್ಕೆಯನ್ನು ಜಗತ್ತು ಕಂಡದ್ದು ಬಹುಮಟ್ಟಿಗೆ ಅಲ್ಲಿನ ಕಾರುಗಳ ಕ್ಯಾಮೆರಾಗಳ ಮೂಲಕ. ಆಗ ನಮಗದು ಬರಿಯ ಸೋಜಿಗವಾಗಿತ್ತು. 2023ರ ಜನವರಿಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಬಳಿ ನಡುರಾತ್ರಿ ಬೇಕೆಂದೇ ಕಾರಿಗೆ ಬೈಕು ಗುದ್ದಿಸಿ ದಂಪತಿಯನ್ನು ಬೆನ್ನಟ್ಟಿದವರು ಸಿಕ್ಕಿಬಿದ್ದಾಗ ಅದರ ಅಗತ್ಯ ಅರಿವಾಯಿತು. ಹುಂಡೈ ಕಂಪನಿಯು 2022ರ ವೆನ್ಯೂ ಎನ್ ಲೈನ್, 2023ರ ಎಕ್ಸ್‌ಟರ್ ಕಾರುಗಳಲ್ಲಿ ಇದನ್ನು ತಾನೇ ಅಳವಡಿಸಿ ಕೊಟ್ಟಿತು.

ಅಂಗಡಿಯವರು ಮೊದಲು ಹೇಳುವುದು 4ಕೆ ಎಂಬ ಮಾತನ್ನು. ನಮ್ಮ ದೃಷ್ಟಿಯಲ್ಲಿ ನಿಜವಾದ ಸುಧಾರಣೆ ಕಣ್ಣಿಗೆ ಕಾಣದ ಕಡೆ ಆಗಿದೆ. ಹಿಂದಿನ ಅನೇಕ ಮಾದರಿಗಳಲ್ಲಿ ಚಿಕ್ಕ ಲಿಥಿಯಂ ಬ್ಯಾಟರಿಯಿರುತ್ತಿತ್ತು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆ ಕಾವಿಗೆ ಬ್ಯಾಟರಿ ಉಬ್ಬುತ್ತದೆ. ಈಗಿನ ಒಳ್ಳೆಯ ಮಾದರಿಗಳಲ್ಲಿ ಅದರ ಬದಲು ಸೂಪರ್ ಕೆಪಾಸಿಟರ್ ಇರುತ್ತದೆ. ಅದು ಹಿಡಿದಿಡುವುದು ಕೆಲವೇ ಕ್ಷಣಗಳ ವಿದ್ಯುತ್ತಾದರೂ, ಅಪಘಾತದಲ್ಲಿ ತಂತಿ ಕಡಿದಾಗ ಕೊನೆಯ ದೃಶ್ಯವನ್ನು ಭದ್ರಪಡಿಸಲು ಅಷ್ಟು ಸಾಕು. ಸೋನಿಯ ಸ್ಟಾರ್‌ವಿಸ್‌ನಂತಹ ಸಂವೇದಕಗಳು ಇರುಳಿನ ದೃಶ್ಯವನ್ನು ಬಹಳ ಸುಧಾರಿಸಿವೆ. ಆದರೂ ಹೆಡ್‌ಲೈಟಿನ ಬೆಳಕಿಗೆ ಮುಂದಿನ ವಾಹನದ ನಂಬರ್ ಪ್ಲೇಟು ಬೆಳ್ಳಗಾಗಿ ಅಳಿಸಿಹೋಗುವುದುಂಟು. ಮೈಕ್ ಚಾಲೂ ಇದ್ದರೆ ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿಬಿಡುವುದು ಸರಳ ಉಪಾಯ. (ಉಳಿದ ಹೊತ್ತು ಮೈಕ್ ಬಂದ್ ಇರುವುದೇ ಲೇಸು, ಕಾರಿನೊಳಗಿನ ಮಾತೆಲ್ಲ ಠಾಣೆಗೆ ತಲುಪಬೇಕಾಗಿಲ್ಲ.)

ಪರಿಕರಗಳಲ್ಲಿ ಮೊದಲ ಸ್ಥಾನ ಕಾರ್ಡಿನದು. 64 ಜಿಬಿ ಕಾರ್ಡಿನಲ್ಲಿ ಫುಲ್ ಎಚ್‌ಡಿ ದೃಶ್ಯ ಸುಮಾರು ಎಂಟು ಗಂಟೆಯದು ಹಿಡಿಯುತ್ತದೆ. ಆನಂತರ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ದಿನವೂ ಹೀಗೆ ಅಳಿಸಿ ಬರೆಯುವಾಗ ಮೊಬೈಲಿನ ಸಾಮಾನ್ಯ ಕಾರ್ಡು ಬೇಗ ಸವೆಯುತ್ತದೆ. ನಮ್ಮ ಹಿರಿಯರಿಗೆ ಆದದ್ದೂ ಇದೇ. ಹೈ ಎಂಡ್ಯುರೆನ್ಸ್ ಎಂದು ಅಚ್ಚಾದ ಕಾರ್ಡನ್ನೇ ಕೊಂಡು, ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಬೇಕು.

ನಿಲ್ಲಿಸಿದ ಕಾರನ್ನೂ ಕಾಯಬೇಕೆಂದರೆ ಫ್ಯೂಸ್ ಬಾಕ್ಸಿನಿಂದ ವಿದ್ಯುತ್ ಪಡೆಯುವ ಹಾರ್ಡ್‌ವೈರ್ ಕಿಟ್ ಬೇಕು. ಕಾರಿನ ಬ್ಯಾಟರಿ ಸುಮಾರು 12 ವೋಲ್ಟಿಗೆ ಇಳಿದೊಡನೆ ತಾನೇ ಕಡಿದುಕೊಳ್ಳುವ ಬಗೆಯದಿರಲಿ, ಇಲ್ಲವಾದರೆ ಬೆಳಿಗ್ಗೆ ಕಾರು ತಳ್ಳಬೇಕಾದೀತು. ಬದಿಯ ಕಂಬದಲ್ಲಿ ಏರ್‌ಬ್ಯಾಗ್ ಇದ್ದರೆ ತಂತಿಯನ್ನು ಅದರ ಹಿಂದಿನಿಂದ ಒಯ್ಯಬೇಕು. ಮುಂದಿನಿಂದ ಎಳೆದರೆ ಏರ್‌ಬ್ಯಾಗ್ ಅರಳುವಾಗ ಅಡ್ಡಿಯಾಗಬಹುದು. ಪ್ರತಿಬಿಂಬ ತಗ್ಗಿಸುವ ಸಿಪಿಎಲ್ ಫಿಲ್ಟರ್ ಹಗಲಿಗೆ ಉತ್ತಮ, ಇರುಳಲ್ಲಿ ಬೆಳಕು ಕಸಿಯುತ್ತದೆ.

ಇನ್ನು ಕಾನೂನು. ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಬಂದಿದೆ. ದೃಶ್ಯದ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಅಗತ್ಯ. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಮೂಲ ಸಾಧನವನ್ನೇ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡವೆಂದು 2020ರ ಖೋತ್ಕರ್ ಪ್ರಕರಣದಲ್ಲಿ, ಹಳೆಯ ಕಾಯಿದೆಯಡಿ, ಸುಪ್ರೀಂ ಕೋರ್ಟ್ ಹೇಳಿತ್ತು. ಆದುದರಿಂದ ಅಪಘಾತವಾದೊಡನೆ ಕಾರ್ಡನ್ನು ತೆಗೆದು ಹಾಗೆಯೇ ಜೋಪಾನವಾಗಿಡಬೇಕು. ವಾಟ್ಸಾಪಿನಲ್ಲಿ ಕಳುಹಿಸಿದ ದೃಶ್ಯ ಕುಗ್ಗಿ ಬದಲಾಗಿರುತ್ತದೆ. ಅದನ್ನೇ ಪುರಾವೆಯೆಂದು ನೆಚ್ಚಿಕೊಳ್ಳುವಂತಿಲ್ಲ. ಈ ಸಾಕ್ಷಿ ಯಜಮಾನನ ಪಕ್ಷವನ್ನೇ ಹಿಡಿಯುತ್ತದೆಂದೂ ಇಲ್ಲ. ಜಿಪಿಎಸ್ ಇರುವ ಕ್ಯಾಮೆರಾ ನಮ್ಮ ವೇಗವನ್ನೂ ಬರೆದಿಡುತ್ತದೆ.

ನಮ್ಮ ಹಿರಿಯರ ಪ್ರಕರಣ ಕೊನೆಗೆ ಇತ್ಯರ್ಥವಾದದ್ದು ಹಿಂದೆ ಬರುತ್ತಿದ್ದ ಲಾರಿ ಚಾಲಕನೊಬ್ಬ ತಾನಾಗಿ ಠಾಣೆಗೆ ಬಂದು ಕಂಡದ್ದನ್ನು ಹೇಳಿದ್ದರಿಂದ. ಈಗ ಅವರ ಕಾರಿನಲ್ಲಿ ಹೊಸ ಕಾರ್ಡಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಅದನ್ನು ತೆಗೆದು ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ನೋಡುತ್ತಾರೆ.