ಹುರುಳಿಕಾಯಿಯ ಬೀಜಕ್ಕೂ ಅಂಗಡಿಯೇ ಗತಿಯೇ?

1992ರ ಡಿಸೆಂಬರಿನಲ್ಲಿ ರಾಜ್ಯ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ, ಕಡತಗಳನ್ನು ಬೀದಿಗೆಸೆದು ಸುಟ್ಟರು. ಬೀಜವು ರೈತನ ಸ್ವತ್ತೇ ಹೊರತು ಕಂಪನಿಯ ಸರಕಲ್ಲ ಎಂಬುದೇ ಆ ಚಳವಳಿಯ ನಿಲುವಾಗಿತ್ತು. 1980ರಲ್ಲಿ ಹುಟ್ಟಿದ ಆ ಸಂಘಕ್ಕೆ ಆರಂಭದಲ್ಲಿ ಬಲ ತುಂಬಿದ ಜಿಲ್ಲೆಗಳಲ್ಲಿ ಶಿವಮೊಗ್ಗವೂ ಮುಖ್ಯವಾದುದು. ಅದೇ ಜಿಲ್ಲೆಯ ನಾವು ಇಂದು ಹಿತ್ತಲಿನ ಎರಡು ಸಾಲು ಹುರುಳಿಕಾಯಿಗೂ ಪೇಟೆಯಿಂದ ಬಣ್ಣದ ಪೊಟ್ಟಣ ತರುತ್ತಿದ್ದೇವೆ!

ಹೈಬ್ರಿಡ್ ಮೆಕ್ಕೆಜೋಳ ಬೆಳೆಯುವವರು ಪ್ರತಿವರ್ಷ ಬೀಜ ಕೊಳ್ಳುವುದಕ್ಕೆ ಕಾರಣವಿದೆ. ಅದರ ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದುರಿ ಇಳುವರಿ ಕುಸಿಯುತ್ತದೆ. ಆದರೆ ಹುರುಳಿಕಾಯಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೂವು ಅರಳುವ ಹೊತ್ತಿಗೆ ಅದರೊಳಗಿನ ಪರಾಗಸ್ಪರ್ಶ ಬಹುಮಟ್ಟಿಗೆ ಮುಗಿದಿರುತ್ತದೆ. ಆದ್ದರಿಂದ ಮಗಳು ಗಿಡ ತಾಯಿಯಂತೆಯೇ ಇರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಎಂಬ ಗಿಡಬೀನ್ಸ್ ಕೂಡ ಆಯ್ಕೆಯಿಂದ ಬಂದ ತಳಿಯೇ, ಹೈಬ್ರಿಡ್ ಅಲ್ಲ. ಹೀಗಿರುವಾಗ ಈ ಬೀಜಕ್ಕೆ ಯಾರೂ ಬೀಗ ಹಾಕಿಲ್ಲ. ಬೀಗ ಬಿದ್ದಿರುವುದು ನಮ್ಮ ಮನಸ್ಸಿಗೆ.

ನಾಟಿ ತಳಿಗಳ ಇಳುವರಿ ಕಡಿಮೆಯೆಂದು ವಾದಿಸುವವರಿದ್ದಾರೆ. ಮಾರುಕಟ್ಟೆಗಾಗಿ ಎಕರೆಗಟ್ಟಲೆ ಬೆಳೆಯುವವರ ಮಟ್ಟಿಗೆ ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಹಿತ್ತಲಿನ ಲೆಕ್ಕವೇ ಬೇರೆ. ಅಲ್ಲಿ ಬೇಕಾದುದು ಮನೆಯ ರುಚಿಗೆ, ಮಣ್ಣಿಗೆ, ಮಳೆಗೆ ಒಗ್ಗಿದ ಬೆಳೆ. ಹುರುಳಿಕಾಯಿಯ ತವರು ಅಮೆರಿಕ ಖಂಡಗಳು. ಅದು ನಮ್ಮದಾದುದು ವಂಶಶುದ್ಧಿಯಿಂದಲ್ಲ. ಒಳ್ಳೆಯ ಗಿಡವನ್ನು ಗುರುತಿಸಿ ವರ್ಷ ವರ್ಷವೂ ಕಾಯಿ ಬಿಟ್ಟುಕೊಂಡ ನಮ್ಮ ಅಜ್ಜಿಯರ, ಅತ್ತೆಯರ ಆಯ್ಕೆಯಿಂದ. ಆ ಆಯ್ಕೆ ನಿಂತ ದಿನವೇ ತಳಿಯೂ ನಿಲ್ಲುತ್ತದೆ.

ಮಲೆನಾಡಿನಲ್ಲಿ ಬೀಜ ಕೆಡುವುದು ಹೆಚ್ಚಾಗಿ ಮಳೆಯಿಂದ. ಆಷಾಢದ ಜಡಿಮಳೆಯಲ್ಲಿ ಒಣಗಬೇಕಾದ ಕಾಯಿ ಗಿಡದಲ್ಲೇ ಕೊಳೆಯುತ್ತದೆ. ಆದುದರಿಂದ ಬೀಜಕ್ಕೆಂದೇ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಲ್ಲಿ ಬಿತ್ತಬೇಕು. ಪಲ್ಯದ ಕಾಯಿ ಸುಮಾರು 50 ದಿನಕ್ಕೆ ಸಿಕ್ಕರೆ, ಬೀಜದ ಕಾಯಿಗೆ ಸುಮಾರು 90 ದಿನ ಬೇಕು. ಇಪ್ಪತ್ತು ಗಿಡಗಳನ್ನಾದರೂ ಬೀಜಕ್ಕೆ ಮೀಸಲಿಟ್ಟು, ಅವುಗಳಿಂದ ಒಂದು ಕಾಯಿಯನ್ನೂ ಅಡುಗೆಗೆ ಕೀಳಬಾರದು. ಎಲೆ ಮುದುರಿ ಹಳದಿ ಮಚ್ಚೆಯಾದ ಗಿಡವನ್ನು ಆಗಲೇ ಕಿತ್ತುಹಾಕಬೇಕು. ಹುರುಳಿಕಾಯಿಯ ಮೊಸಾಯಿಕ್ ನಂಜುರೋಗ ಬೀಜದ ಮೂಲಕವೇ ಮುಂದಿನ ವರ್ಷಕ್ಕೆ ದಾಟುತ್ತದೆ.

ಸುಲಿದ ಬೀಜವನ್ನು ಕಾದ ತಾರಸಿಯ ಮೇಲೆ ಹರಡದೆ, ಎಳೆಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಒಣಗಿಸಬೇಕು. ಹಲ್ಲಿನಿಂದ ಕಚ್ಚಿದರೆ ಗುರುತು ಬೀಳಬಾರದು. ಬೀಜದ ತೇವಾಂಶ ಶೇಕಡಾ ಒಂದರಷ್ಟು ಇಳಿದರೆ ಅದರ ಆಯುಸ್ಸು ಸರಿಸುಮಾರು ಇಮ್ಮಡಿಯಾಗುತ್ತದೆ. ಕುಟ್ಟೆಹುಳುವಿನ ಮೊಟ್ಟೆ ಕೆಲವೊಮ್ಮೆ ಹೊಲದಿಂದಲೇ ಬೀಜದೊಡನೆ ಬರುತ್ತದೆ. ಕಿಲೋಗೆ 5 ಮಿಲಿಲೀಟರ್ ಅಡುಗೆ ಎಣ್ಣೆ ಸವರಿದರೆ ಮೊಟ್ಟೆಗಳು ಉಸಿರುಗಟ್ಟುತ್ತವೆ; ಜರಡಿ ಹಿಡಿದ ಒಣ ಬೂದಿಯೂ ಹುಳುವನ್ನು ತಡೆಯುತ್ತದೆ. ಆಮೇಲೆ ಬಿಗಿ ಮುಚ್ಚಳದ ಗಾಜಿನ ಶೀಶೆಯೇ ಮೇಲು, ಏಕೆಂದರೆ ಮಳೆಗಾಲದ ಗಾಳಿಯಿಂದ ಬೀಜ ಮತ್ತೆ ತೇವ ಹೀರುತ್ತದೆ. ತಳಿಯ ಹೆಸರು, ಕೊಯ್ದ ತಿಂಗಳು ಬರೆದ ಚೀಟಿ ಶೀಶೆಯೊಳಗಿರಲಿ.

ಕಾನೂನೂ ನಮ್ಮ ಪರವಾಗಿಯೇ ಇದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯ 39ನೇ ಪ್ರಕರಣವು ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತರಿಗೆ ನೀಡಿದೆ. ಬಳಸದ ಹಕ್ಕು ಕಾಗದದಲ್ಲಷ್ಟೇ ಉಳಿಯುತ್ತದೆ.

ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಅದಕ್ಕಾಗಿ ಗುಡ್ಡಗಳಲ್ಲಿ ಎಬ್ಬಿಸಿದ ಅಕೇಶಿಯಾ ನೆಡುತೋಪುಗಳನ್ನು ವಿರೋಧಿಸಿ ನಾವು ಘೋಷಣೆ ಕೂಗಿದ್ದೇವೆ. ಗುಡ್ಡದಲ್ಲಿ ಏಕಜಾತಿಯನ್ನು ಖಂಡಿಸುವವರು ಹಿತ್ತಲಿನಲ್ಲಿ ಅದನ್ನು ಒಪ್ಪಿಕೊಳ್ಳುವುದು ಯಾವ ನ್ಯಾಯ? ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಡಬ್ಬಿಗಳನ್ನು ತೆರೆದು ನೋಡಲಿ, ಅಜ್ಜಿಯನ್ನು ಕೇಳಿ ತಳಿಯ ಹೆಸರು ಬರೆದುಕೊಳ್ಳಲಿ. ಶಿವಮೊಗ್ಗದ ಮನೆಗಳ ಕೈತೋಟಗಳಲ್ಲಿ, ಭದ್ರಾವತಿಯ ಕಾರ್ಖಾನೆ ವಸತಿಗೃಹಗಳ ಹಿತ್ತಲಿನಲ್ಲಿ ಒಂದೊಂದು ಮಡಿ ಮಾಡಲಿ. ಒಂದು ಹಿಡಿ ಬೀಜ ಪಡೆದವರು ಬೆಳೆ ಬಂದಾಗ ಎರಡು ಹಿಡಿ ಹಿಂದಿರುಗಿಸಲಿ. ಬೀಜದ ಸ್ವಾತಂತ್ರ್ಯವನ್ನು ಘೋಷಣೆಯಿಂದ ಗಳಿಸಬಹುದು. ಉಳಿಸಿಕೊಳ್ಳುವುದು ಮಾತ್ರ ಬಿತ್ತನೆಯಿಂದಲೇ.