ಸೌದೆ ಕೊಟ್ಟಿಗೆಯ ಲೆಕ್ಕ

ಸೆಮಿಸ್ಟರ್ ಮುಗಿದ ರಾತ್ರಿ ನಮ್ಮ ಅಡುಗೆಮನೆಯಲ್ಲಿ ಒಂದು ಮಾತು ಬಂದೇ ಬರುತ್ತೆ: "ಐದು ವರ್ಷ ದುಡಿಯೋದು, ಆಮೇಲೆ ಊರಿಗೆ ಹೋಗಿ ತೋಟ ಮಾಡ್ಕೊಂಡು ಇದ್ದುಬಿಡೋದು." ಎಚ್-1ಬಿ ಲಾಟರಿಯ ಸುದ್ದಿ ಬರೋ ವಾರದಲ್ಲಂತೂ ಈ ಮಾತಿಗೆ ಬಲ ಜಾಸ್ತಿ. ಅದಕ್ಕೆ ಸರಿಯಾಗಿ ಫೋನಿನಲ್ಲಿ ವಿಡಿಯೊಗಳು. ಹಿಮದ ನಡುವೆ ಒಂದು ಮರದ ಮನೆ, ಒಲೆಯ ಮೇಲೆ ಕುದಿಯುವ ಸೂಪು, ತಾನೇ ಕಡಿದ ಮರದಲ್ಲಿ ತಾನೇ ಮಂಚ ಮಾಡಿಕೊಳ್ಳುವ ಗಡ್ಡದವ. ಯಾರ ಹಂಗೂ ಇಲ್ಲದ ಬಾಳು! ನಾಳೆ ಬೆಳಿಗ್ಗೆ ಎಂಟಕ್ಕೆ ಲ್ಯಾಬ್ ಇದ್ದರೂ ನಾವು ರಾತ್ರಿ ಎರಡರವರೆಗೆ ಅದನ್ನೇ ನೋಡ್ತೀವಿ.

ಕಳೆದ ಡಿಸೆಂಬರಿನಲ್ಲಿ ನಮಗೆ ಅಂಥದ್ದೇ ಒಂದು ಮನೆಗೆ ಹೋಗೋ ಅವಕಾಶ ಸಿಕ್ಕಿತು. ಲ್ಯಾಬಿನ ಗೆಳೆಯನೊಬ್ಬನ ಅಪ್ಪ ಅಮ್ಮ ವರ್ಮಾಂಟಿನ ಹಳ್ಳಿಯೊಂದರಲ್ಲಿ ಹೀಗೇ ಬದುಕ್ತಾರೆ. ನಾವು ನಾಲ್ಕು ಜನ (ತೀರ್ಥಹಳ್ಳಿ ಕಡೆಯವನೊಬ್ಬ, ಹಾವೇರಿಯವನೊಬ್ಬ, ಬೆಂಗಳೂರಿನ ಇಬ್ಬರು) ಎಂಟು ದಿನ ಅಲ್ಲಿದ್ದು ಬಂದೆವು. ನೆಂಟರಾಗಿ ಹೋಗಿದ್ದು ಅಂತ ಬಿಡಿಸಿ ಹೇಳ್ತೀವಿ, ಯಾಕಂದ್ರೆ ಎಫ್-1 ವೀಸಾದಲ್ಲಿರೋರು "ಊಟ-ವಸತಿ ಕೊಡ್ತೀವಿ, ಬಂದು ಕೆಲಸ ಮಾಡಿ" ಅನ್ನೋ ಜಮೀನುಗಳಿಗೆ ಸುಮ್ಮನೆ ಹೊರಟುಬಿಡಬಾರದು. ಕೈಗೆ ಸಂಬಳ ಬರದಿದ್ದರೂ ಆ ಊಟ-ವಸತಿಯನ್ನೇ ಸಂಬಳ ಅಂತ ಲೆಕ್ಕ ಹಾಕಬಹುದು. ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಮೊದಲು ವಿಚಾರಿಸಿ.

ಅಲ್ಲಿ ಚಳಿಗಾಲ ಅಂದ್ರೆ ಮೊದಲು ಸೌದೆ. ಸೌದೆಯನ್ನು ಕಾರ್ಡ್ ಲೆಕ್ಕದಲ್ಲಿ ಅಳೀತಾರೆ: 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದಕ್ಕೆ ಒಟ್ಟಿದರೆ ಒಂದು ಕಾರ್ಡ್, ಅಂದ್ರೆ 128 ಘನ ಅಡಿ. ಆ ಮನೆಗೆ ಒಂದು ಚಳಿಗಾಲಕ್ಕೆ ಆರು ಕಾರ್ಡ್ ಬೇಕಂತೆ. ಈ ವರ್ಷ ಕಡಿದಿದ್ದನ್ನು ಈ ವರ್ಷ ಉರಿಸೋ ಹಾಗಿಲ್ಲ. ಹಸಿ ಸೌದೆಯ ಹೊಗೆ ಚಿಮಣಿಯೊಳಗೆ ಡಾಂಬರಿನಂತೆ ಮೆತ್ತಿಕೊಂಡು, ಒಂದು ದಿನ ಅದಕ್ಕೇ ಬೆಂಕಿ ಹಿಡಿಯಬಹುದು. ತೇವ ಶೇಕಡಾ 20ಕ್ಕಿಂತ ಕೆಳಗೆ ಇಳೀಬೇಕು, ಅದಕ್ಕೆ ಒಂದೆರಡು ಬೇಸಿಗೆ ಕಾಯಬೇಕು. ಹಾಗಾಗಿ ನಾವು ಒಡೆದ ಮೇಪಲ್ ದಿಮ್ಮಿಗಳು ಮುಂದಿನ ವರ್ಷಕ್ಕೋ ಅದರಾಚೆಗೋ ಸೇರಿದ್ದು. ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿದ ದಿಮ್ಮಿ ಒಂದೇ ಏಟಿಗೆ ಫಟ್ ಅಂತ ಸೀಳುತ್ತೆ. ಮೊದಲ ಹತ್ತು ನಿಮಿಷ ಭಾರಿ ಖುಷಿ. ಒಂದು ಗಂಟೆ ಕಳೆದ ಮೇಲೆ ನಮ್ಮಲ್ಲಿ ಇಬ್ಬರಿಗೆ ಟೀ ಲೋಟ ಹಿಡಿಯೋಕಾಗಲಿಲ್ಲ.

ಸಂಜೆ ನಾಲ್ಕೂಕಾಲಿಗೆ ಸೂರ್ಯ ಮುಳುಗೋನು. ಅಷ್ಟರೊಳಗೆ ಕೋಳಿಗಳ ನೀರಿನ ಬಕೆಟ್ಟಿನ ಐಸ್ ಒಡೆಯೋದು, ಬೂದಿ ತೆಗೆಯೋದು, ದಾರಿಯ ಹಿಮ ಗೋರೋದು. ನೆಲಮಾಳಿಗೆಯಲ್ಲಿ ಮರಳಿನೊಳಗೆ ಹೂತಿಟ್ಟ ಕ್ಯಾರೆಟ್, ಮೂಟೆ ಮೂಟೆ ಆಲೂಗಡ್ಡೆ. ಸೇಬು ಮಾತ್ರ ದೂರದ ಮೂಲೆಯಲ್ಲಿ. ಅದು ಬಿಡೋ ಎಥಿಲೀನ್ ಅನಿಲಕ್ಕೆ ಕ್ಯಾರೆಟ್ ಕಹಿಯಾಗುತ್ತಂತೆ. ಇದನ್ನೆಲ್ಲ ನೋಡ್ತಾ ತೀರ್ಥಹಳ್ಳಿಯವನು ಎರಡನೇ ದಿನವೇ ಅಂದ, "ಇದು ನಮ್ಮ ಮಳೆಗಾಲ ಕಣ್ರೋ." ಅವನ ಮಾತು ನಿಜ. ಮಲೆನಾಡಿನಲ್ಲೂ ಬೇಸಿಗೆಯಿಡೀ ಓಡಾಟ ನಾಲ್ಕು ತಿಂಗಳ ಮಳೆಗೋಸ್ಕರವೇ. ಸೌದೆ ಒಟ್ಟಬೇಕು, ಸೋಗೆ ಹೊದಿಸಬೇಕು, ಹಪ್ಪಳ ಸಂಡಿಗೆ ಒಣಗಿಸಬೇಕು, ಮಿಡಿ ಉಪ್ಪಿನಕಾಯಿ ಜಾಡಿ ತುಂಬಬೇಕು. ಅದನ್ನು ನಾವು ಯಾವತ್ತೂ ವಿಡಿಯೊ ಮಾಡೋ ಸಂಗತಿ ಅಂದ್ಕೊಂಡಿರಲಿಲ್ಲ. ಪಿಯುಸಿಯಲ್ಲಿ ಚೆನ್ನಾಗಿ ಓದಿ ಅದರಿಂದ ತಪ್ಪಿಸಿಕೊಳ್ಳಬೇಕು ಅಂದ್ಕೊಂಡಿದ್ದೆವು, ಅಷ್ಟೆ.

ನಮಗೆ ಅತಿ ಇಷ್ಟವಾದದ್ದು ಕೊಟ್ಟಿಗೆಯ ಒಳಗಿನ ಕೆಲಸ. ಯಜಮಾನರು ಹೊಸ ಸೌದೆ ಕೊಟ್ಟಿಗೆಗೆ ಚೌಕಟ್ಟು ಮಾಡ್ತಿದ್ದರು, ಒಂದು ಮೊಳೆಯೂ ಇಲ್ಲದೆ. ಕಂಬದಲ್ಲಿ ಉಳಿಯಿಂದ ಚೌಕದ ತೂತು ಕೊರೆಯೋದು, ತೊಲೆಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಅದರೊಳಗೆ ತೂರಿಸೋದು, ಅಡ್ಡಕ್ಕೆ ಮರದ ಗೂಟ ಹೊಡೆಯೋದು. ಗೂಟದ ತೂತು ನಾಲಿಗೆಯಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಇರುತ್ತೆ. ಬೇಕಂತಲೇ. ಒಣಗಿದ ಗೂಟ ಹೊಡೆದಾಗ ಅದು ತೊಲೆಯನ್ನು ಕಂಬಕ್ಕೆ ಎಳೆದು ಬಿಗಿ ಮಾಡುತ್ತೆ. ನಮ್ಮಲ್ಲಿ ಸ್ಟ್ರಕ್ಚರಲ್ ಇಂಜಿನಿಯರಿಂಗ್ ಓದ್ತಿರೋಳು ಮೂರು ದಿನದಲ್ಲಿ ಒಂದೇ ಒಂದು ತೂತು ಕೊರೆದಳು, ಅದೂ ಸೊಟ್ಟ. ಯಜಮಾನರು ಬೈಯಲಿಲ್ಲ, ಆ ಕಂಬವನ್ನು ಹಿಂದಿನ ಸಾಲಿಗೆ ಹಾಕ್ತೀನಿ ಅಂದರು. ಚಳಿಗಾಲವಿಡೀ ಹೀಗೆ ಒಂದೊಂದೇ ಸಂದು ಕೆತ್ತಿಟ್ಟುಕೊಂಡು, ವಸಂತದಲ್ಲಿ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಒಂದೇ ದಿನದಲ್ಲಿ ಎತ್ತಿ ನಿಲ್ಲಿಸ್ತಾರೆ. ನಮ್ಮೂರಲ್ಲಿ ಇದಕ್ಕೆ ಮುಯ್ಯಾಳು ಅಂತಾರೆ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು.

ನಮ್ಮ ತಕರಾರು ಇಲ್ಲೇ ಶುರುವಾಗೋದು. ಯಾರ ಹಂಗೂ ಇಲ್ಲದ ಬಾಳು ಅಂತ ನೋಡೋಕೆ ಹೋದರೆ ಅಲ್ಲಿ ಕಂಡದ್ದೆಲ್ಲ ಹಂಗೇ. ದಾರಿಯ ಹಿಮ ತಳ್ಳೋ ಟ್ರ್ಯಾಕ್ಟರ್ ಪಕ್ಕದ ಮನೆಯದು, ಅದಕ್ಕೆ ಬದಲು ಇವರ ಮನೆಯಿಂದ ಮೊಟ್ಟೆ. ಮನೆಯಾಕೆ ವಾರಕ್ಕೆ ನಾಲ್ಕು ದಿನ ಪೇಟೆಯಲ್ಲಿ ನರ್ಸ್ ಕೆಲಸಕ್ಕೆ ಹೋಗ್ತಾರೆ. "ಸಂಬಳಕ್ಕಿಂತ ಹೆಲ್ತ್ ಇನ್ಶೂರೆನ್ಸಿಗೆ" ಅಂತ ನಗ್ತಾ ಹೇಳಿದರು. ವಿಡಿಯೊದಲ್ಲಿ ಈ ಭಾಗ ಬರಲ್ಲ.

ಇದು ಅವರೊಬ್ಬರ ಮನೆಯ ಕಥೆಯಲ್ಲ. ಈ ದೇಶದಲ್ಲಿ ಇಂಥ ಬದುಕಿಗೆ ಹೆಸರಾದ ಸ್ಕಾಟ್ ಮತ್ತು ಹೆಲೆನ್ ನಿಯರಿಂಗ್ 1932ರಲ್ಲಿ ಇದೇ ವರ್ಮಾಂಟಿಗೆ ಬಂದು ಕೈಯಾರೆ ಕಲ್ಲಿನ ಮನೆ ಕಟ್ಟಿದವರು, 1952ರಲ್ಲಿ ಮೇನ್ ರಾಜ್ಯಕ್ಕೆ ಹೋದವರು. 1954ರಲ್ಲಿ ಬಂದ ಅವರ 'ಲಿವಿಂಗ್ ದ ಗುಡ್ ಲೈಫ್' ಓದಿ ಎಷ್ಟೋ ಜನ ನಗರ ಬಿಟ್ಟು ಹೊರಟರು. ಅವರಿಗೂ ರೊಕ್ಕ ಬೇಕಿತ್ತು. ವರ್ಮಾಂಟಿನಲ್ಲಿ ಮೇಪಲ್ ಸಿರಪ್ ಮಾಡಿ ಮಾರ್ತಿದ್ದರು. ಸುಮಾರು 40 ಗ್ಯಾಲನ್ ರಸ ಕುದಿಸಿದರೆ ಒಂದು ಗ್ಯಾಲನ್ ಸಿರಪ್. ಮೇನ್‌ನಲ್ಲಿ ಅವರನ್ನು ನೋಡಲು ಬಂದವರು ಕಲ್ಲು ಹೊತ್ತಿದ್ದಾರೆ, ಸೌದೆ ಒಟ್ಟಿದ್ದಾರೆ. ಚಳಿಗಾಲದಲ್ಲಿ ದಂಪತಿಗಳು ಎಷ್ಟೋ ಸಲ ಭಾಷಣಕ್ಕೆ, ಪ್ರವಾಸಕ್ಕೆ ಹೊರಟುಬಿಡ್ತಿದ್ದರು! ಅವರಿಗಿಂತ ಹಿಂದೆ ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿದ ಥೋರೋ ಕೂಡ ಕೊಡಲಿಯನ್ನು ಎರವಲು ತಂದಿದ್ದ, ಜಾಗ ಗೆಳೆಯ ಎಮರ್ಸನ್‌ರದ್ದು. ಇದನ್ನೆಲ್ಲ ಅವರನ್ನು ಹಗುರ ಮಾಡೋಕೆ ಹೇಳ್ತಿಲ್ಲ. ಅವರ ಕೈಕೆಲಸ ಸುಳ್ಳಲ್ಲ. ಸುಳ್ಳಾಗಿರೋದು ನಾವು ಅದರ ಸುತ್ತ ಕಟ್ಟಿಕೊಂಡ ಒಂಟಿತನದ ಚಿತ್ರ. ಆಫೀಸು, ವೀಸಾ, ಬಾಡಿಗೆ, ಯಾವುದಕ್ಕೂ ತಲೆಬಾಗದೆ ಬದುಕೋ ಜಾಗ ಎಲ್ಲೋ ಒಂದು ಇದೆ ಅಂತ ನಂಬಬೇಕು ನಮಗೆ. ಊರನ್ನು ಆ ಜಾಗ ಅಂತ ಹೆಸರಿಟ್ಟಿದ್ದೀವಿ. ಊರಲ್ಲಿರೋರನ್ನು ಮಾತ್ರ ಕೇಳಿಲ್ಲ.

ಕೇಳಬೇಕಾದ ಹೊತ್ತು ಈಗ ಬಂದಿದೆ. ತೀರ್ಥಹಳ್ಳಿಯ ನಮ್ಮ ಗೆಳೆಯನ ಅಪ್ಪ ತೋಟ ಮಾರೋ ಮಾತಾಡ್ತಿದ್ದಾರೆ. ಎರಡೆಕರೆ ಅಡಿಕೆ, ಕೊನೆ ತೆಗೆಯೋಕೆ ಆಳಿಲ್ಲ, ಮಂಡಿ ನೋವು, ಮಗ ಇಲ್ಲಿ. ಇಷ್ಟು ವರ್ಷ ನಾವೆಲ್ಲ "ಮಾರಬೇಡಿ ಅನ್ನು, ನಾವು ಬಂದು ಮಾಡ್ತೀವಿ" ಅಂತ ಅವನಿಗೆ ಉಪದೇಶ ಮಾಡ್ತಾ ಇದ್ದೆವು. ಎಂಟು ದಿನ ಸೌದೆ ಒಡೆದ ಮೇಲೆ ಆ ಮಾತು ಬಾಯಿಗೆ ಬರ್ತಿಲ್ಲ. ಐದು ವರ್ಷದ ನಂತರ ಬರೋ ನಮಗೋಸ್ಕರ ಅರವತ್ತೆರಡರ ಮನುಷ್ಯ ಇವತ್ತು ಒಬ್ಬರೇ ತೋಟ ಸುತ್ತಬೇಕು ಅನ್ನೋಕೆ ನಾವ್ಯಾರು? ಮಾರಿ ಅನ್ನೋಕೂ ಮನಸ್ಸಿಲ್ಲ. ನಮ್ಮಲ್ಲೇ ಇಬ್ಬರು ಹಾಗೆ, ಇಬ್ಬರು ಹೀಗೆ. ಒಂದು ಮಾತಿಗೆ ಮಾತ್ರ ನಾಲ್ವರೂ ಒಪ್ಪಿದ್ದೀವಿ: ಈ ಬದುಕು ಬೇಕು ಅನ್ನೋರು ಮೊದಲು ಮನೆಗೆ ಫೋನ್ ಮಾಡಿ ಕಲೀಬೇಕು. ಬಾಚಿ ಹಿಡಿಯೋದು ಹೇಗೆ, ಸೋಗೆ ಹೊದಿಸೋದು ಯಾವ ಕಡೆಯಿಂದ, ಮುಯ್ಯಾಳಿಗೆ ಈಗ ಯಾರ್ಯಾರು ಬರ್ತಾರೆ, ವರ್ಷದ ಗೊಬ್ಬರಕ್ಕೆ ಎಷ್ಟು ಹೋಗುತ್ತೆ. ರಜೆಗೆ ಊರಿಗೆ ಹೋದಾಗ ಮದುವೆ ಮನೆ ಸುತ್ತೋದರಲ್ಲಿ ಒಂದು ವಾರ ಕಡಿಮೆ ಮಾಡಿ ಕೊನೆ ಕೊಯ್ಲಿಗೆ ನಿಲ್ಲಬೇಕು. ಆಮೇಲೂ ಬೇಕು ಅನ್ನಿಸಿದರೆ ಅದು ಬೇರೆ ಮಾತು.

ವಾಪಸ್ ಬರೋ ಬಸ್ಸಿನಲ್ಲಿ ಅವನು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದ. ಸ್ಪೀಕರ್ ಹಾಕಿದ್ದ. "ಅಲ್ಲ ಮಾರಾಯ, ಬಸ್ ಚಾರ್ಜ್ ಕೊಟ್ಟು ಹೋಗಿ ಸೌದೆ ಒಡ್ಕೊಟ್ಟು ಬಂದ್ಯಾ? ಇಲ್ಲಿ ಒಡೆಯೋಕೆ ಹೇಳಿದ್ರೆ ಟ್ಯೂಷನ್ ಅಂತ ಓಡ್ತಿದ್ದೆ" ಅಂತ ಅವರು ನಕ್ಕರು. ಅವನೂ ನಕ್ಕ. ಆಮೇಲೆ ಅವರು ಒಂದು ಕ್ಷಣ ಸುಮ್ಮನಿದ್ದು, ಕೊಟ್ಟಿಗೆಯ ಮಾಡಿನ ತೊಲೆ ಒಂದು ಕಡೆ ಕುಸಿದಿದೆ, ಆ ಗೂಟದ ಉಪಾಯ ಇನ್ನೊಂದು ಸಲ ಹೇಳು ಅಂದರು. ಯುಗಾದಿ ಹೊತ್ತಿಗೆ ಕೊಳ್ಳುವವರು ಮಾತಾಡೋಕೆ ಬರ್ತಾರಂತೆ. ಮೇ ತಿಂಗಳಿಗೆ ಅವನು ಟಿಕೆಟ್ ಬುಕ್ ಮಾಡಿದ್ದಾನೆ, ನಮ್ಮಲ್ಲಿ ಇನ್ನೊಬ್ಬಳು ಅವನ ಜೊತೆ ಹೋಗ್ತಿದ್ದಾಳೆ, ಸೊಟ್ಟ ತೂತು ಕೊರೆದೋಳೇ.