ಬದುಕುಳಿದವರ ಉಸಿರಿನ ಹಾದಿ

ತೀವ್ರ ನಿಗಾ ಘಟಕದಿಂದ ರೋಗಿಯೊಬ್ಬ ಜೀವಸಹಿತ ಹೊರಬಂದರೆ ಆಸ್ಪತ್ರೆಯ ದಾಖಲೆಯಲ್ಲಿ ಆತ ‘ಗುಣಮುಖ’. ಸರ್ಕಾರದ ಅಂಕಿ-ಅಂಶಗಳಲ್ಲಿಯೂ ಆತನದು ಯಶಸ್ಸಿನ ಲೆಕ್ಕ. ಆದರೆ ಹಲವು ದಿನ ಗಂಟಲಿನೊಳಗಿದ್ದ ಉಸಿರಾಟದ ಕೊಳವೆ ಉಳಿಸಿಹೋದ ಗಾಯ ಈ ಲೆಕ್ಕದೊಳಗೆ ಬರುವುದಿಲ್ಲ. ವಳಕಮದಿನ್ನಿಯಂಥ ಹಳ್ಳಿಗೆ ಮರಳುವ ರೋಗಿಯ ಪಾಲಿಗೆ ಈ ಲೋಪ ಪ್ರಾಣಾಂತಕವಾಗಬಲ್ಲದು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಗೆ ಇದು ದೂರದ ವಿಷಯವೇನೂ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಇಲ್ಲಿಗೆ ಭತ್ತವನ್ನು ತಂದಿತು. ಭತ್ತದ ಬೆನ್ನಿಗೆ ಕೀಟನಾಶಕವೂ ಬಂದಿತು. ಸಿಂಪಡಣೆಯ ಅಜಾಗ್ರತೆಯಿಂದಲೋ ಬದುಕಿನ ಹತಾಶೆಯಿಂದಲೋ ಆರ್ಗನೋಫಾಸ್ಫೇಟ್ ವಿಷ ದೇಹ ಸೇರಿದಾಗ ಉಸಿರಾಟದ ಸ್ನಾಯುಗಳು ನಿಶ್ಚಲವಾಗುವುದುಂಟು. ಆಗ ಹಲವು ದಿನ ವೆಂಟಿಲೇಟರೇ ಆಸರೆ. ಈ ವರ್ಗದ ಮೊನೊಕ್ರೊಟೊಫಾಸ್‌ನ ಬಳಕೆಯಲ್ಲಿದ್ದ ರೂಪವನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿತಾದರೂ ಅದೇ ವರ್ಗದ ಬೇರೆ ಔಷಧಗಳು ಅಂಗಡಿಗಳಲ್ಲಿವೆ. 2020-21ರ ಕೋವಿಡ್ ದಿನಗಳಲ್ಲಂತೂ ವೆಂಟಿಲೇಟರ್ ಎಂಬ ಪದ ಮನೆಮಾತಾಯಿತು. ಎಷ್ಟು ಯಂತ್ರಗಳು ಬಂದವು ಎಂದು ಎಲ್ಲರೂ ಕೇಳಿದರು. ಅವುಗಳಿಂದ ಬಿಡುಗಡೆಯಾದವರು ಮುಂದೆ ಹೇಗಿದ್ದಾರೆ ಎಂದು ಕೇಳಿದವರು ವಿರಳ.

ಹಾನಿಯ ಬಗೆ ಸರಳವಾದುದು. ಕೊಳವೆಯ ತುದಿಯ ಬಳಿ ಗಾಳಿ ತುಂಬಿದ ಪುಟ್ಟ ಬಲೂನೊಂದು ಇರುತ್ತದೆ. ಗಾಳಿ ಸೋರದಂತೆಯೂ ಬಾಯಿಯ ದ್ರವ ಶ್ವಾಸಕೋಶಕ್ಕೆ ಇಳಿಯದಂತೆಯೂ ಅದು ತಡೆಯುತ್ತದೆ. ಅದರ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿರಬೇಕು. ಅದು ಮೀರಿದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯುವುದು ಕುಗ್ಗುತ್ತದೆ; ಪದರ ಹುಣ್ಣಾಗುತ್ತದೆ; ಹುಣ್ಣು ಮಾಯುವಾಗ ನಾಳವೇ ಕಿರಿದಾಗುತ್ತದೆ. 1970ರ ದಶಕದಲ್ಲಿ ಕಡಿಮೆ ಒತ್ತಡದ ಬಲೂನುಗಳು ಬಳಕೆಗೆ ಬಂದ ಮೇಲೆ ಈ ಹಾನಿ ಬಹಳಷ್ಟು ತಗ್ಗಿತು. ಅರ್ಥಾತ್, ಇದರ ಬಹುಪಾಲು ವಿಧಿಲಿಖಿತವಲ್ಲ, ತಡೆಯಬಹುದಾದುದು. ಒತ್ತಡ ಅಳೆಯಲು ಬೇಕಾದುದು ಅಂಗೈಯಗಲದ ಒಂದು ಮಾಪಕ ಮತ್ತು ಪ್ರತಿ ಪಾಳಿಯಲ್ಲಿ ಅದನ್ನು ನೋಡಲು ಪುರುಸೊತ್ತಿರುವ ಒಬ್ಬ ದಾದಿ. ಕಷ್ಟವಿರುವುದು ಎರಡನೆಯದನ್ನು ಒದಗಿಸುವುದರಲ್ಲಿ. ಯಂತ್ರ ಖರೀದಿಗೆ ದೊರೆಯುವ ಉತ್ಸಾಹ ಸಿಬ್ಬಂದಿ ನೇಮಕಕ್ಕೆ ದೊರೆಯುವುದಿಲ್ಲ ಎಂಬುದನ್ನು ಆಡಳಿತದಲ್ಲಿದ್ದವರು ಬಲ್ಲರು.

ಇನ್ನೊಂದು ತೊಡಕೆಂದರೆ, ನಾಳ ಕಿರಿದಾಗುವ ಲಕ್ಷಣ ಕೂಡಲೇ ಕಾಣಿಸದು. ಮನೆ ಸೇರಿದ ಹಲವು ವಾರ ಅಥವಾ ತಿಂಗಳುಗಳ ನಂತರ ನಡೆದರೆ ಏದುಸಿರು, ಉಸಿರೆಳೆದಾಗ ಸಿಳ್ಳೆಯಂಥ ಸದ್ದು ಶುರುವಾಗುತ್ತದೆ. ಊರಿನವರು ಅದನ್ನು ದಮ್ಮು ಎನ್ನುತ್ತಾರೆ. ಎಷ್ಟೋ ವೇಳೆ ವೈದ್ಯರೂ ಅಸ್ತಮಾ ಎಂದೇ ಭಾವಿಸುತ್ತಾರೆ. ಇನ್‌ಹೇಲರ್‌ನಿಂದ ಫಲ ಕಾಣದೆ ದಿನಗಳು ಕಳೆಯುತ್ತವೆ. ನಿಜ ತಿಳಿಯುವ ಹೊತ್ತಿಗೆ ನಾಳವನ್ನು ಹಿಗ್ಗಿಸುವ, ಟಿ ಆಕಾರದ ಕೊಳವೆ ಇರಿಸುವ ಅಥವಾ ಕಿರಿದಾದ ಭಾಗವನ್ನೇ ಕತ್ತರಿಸಿ ಜೋಡಿಸುವ ಚಿಕಿತ್ಸೆ ಬೇಕಾಗಿರುತ್ತದೆ. ಆ ಪರಿಣತಿ ಕೆಲವೇ ಮಹಾನಗರಗಳ ಸ್ವತ್ತು. ಬೆಂಗಳೂರಿಗೋ ಹೈದರಾಬಾದಿಗೋ ಹೋಗಿಬರುವ ಖರ್ಚು ಮತ್ತು ಕಳೆದುಕೊಳ್ಳುವ ಕೂಲಿ ಯಾವ ವಿಮೆಯ ಲೆಕ್ಕಕ್ಕೂ ಪೂರ್ತಿಯಾಗಿ ಸಿಗುವುದಿಲ್ಲ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಆಸ್ಪತ್ರೆ ಉಳಿಸಿದ ವೆಚ್ಚವನ್ನು ಕುಟುಂಬ ಹಲವು ಪಟ್ಟು ತೆರುತ್ತದೆ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಆ ಬೇಡಿಕೆ ನ್ಯಾಯವಾದುದೇ. ಆದರೆ ದೊಡ್ಡ ಸಂಸ್ಥೆ ಬರುವವರೆಗೆ ಸಣ್ಣ ಕ್ರಮಗಳು ಕಾಯಬೇಕಿಲ್ಲ. ಕೊಳವೆ ಎಷ್ಟು ದಿನ ಇತ್ತೆಂಬುದನ್ನು ಬಿಡುಗಡೆ ಪತ್ರದಲ್ಲಿ ಕನ್ನಡದಲ್ಲಿ ನಮೂದಿಸಬೇಕು. ‘ಏದುಸಿರು, ಸಿಳ್ಳೆಸದ್ದು ಕಂಡರೆ ತಡಮಾಡದೆ ಬನ್ನಿ’ ಎಂಬ ಎಚ್ಚರಿಕೆಯೂ ಅದರಲ್ಲಿರಬೇಕು. ಮೊದಲ ಆರು ತಿಂಗಳು ಆಶಾ ಕಾರ್ಯಕರ್ತೆ ಅಂಥವರನ್ನು ವಿಚಾರಿಸಲಿ, ಆ ಕೆಲಸಕ್ಕೆ ಆಕೆಗೆ ಪ್ರತ್ಯೇಕ ಗೌರವಧನವೂ ಸಿಗಲಿ. ತೀವ್ರ ನಿಗಾ ಘಟಕಗಳ ಪರಿಶೀಲನೆಯಲ್ಲಿ ಹಾಸಿಗೆಗಳ ಎಣಿಕೆಯ ಜೊತೆಗೆ ಒತ್ತಡ ಅಳೆದ ದಾಖಲೆಯನ್ನೂ ಕೇಳಲಿ. 371ಜೆ ವಿಧಿಯ ಸವಲತ್ತಿರುವ ಪ್ರದೇಶಕ್ಕೆ ಇವು ಭರಿಸಲಾಗದ ಹೊರೆಯಲ್ಲ.

ಸಾವಿನ ದವಡೆಯಿಂದ ಒಬ್ಬನನ್ನು ಎಳೆದು ತರುವ ವಿದ್ಯೆ ನಮಗೆ ಒಲಿದಿದೆ. ಅವನು ಗದ್ದೆಯ ಬದುವಿನ ಮೇಲೆ ನಿರಾಯಾಸವಾಗಿ ನಡೆಯುವಂತಾದಾಗಲೇ ಆ ವಿದ್ಯೆ ಸಾರ್ಥಕ.